ಮೂರನೇ ಕಿಟಕಿ

ಮನಾಮಾದ ಎಕ್ಸ್‌ಚೇಂಜಿನ ಮೂರನೇ ಕಿಟಕಿಯಲ್ಲಿ
ಹತ್ತೊಂಬತ್ತು ವರ್ಷ ಕೂತವಳು ನಾನು.
ಶುಕ್ರವಾರ ಸಂಜೆ ಸಾಲು ಬೀದಿಗಿಳಿಯುತ್ತಿತ್ತು,
ಹೆಸರು ಹೇಳಿದರೆ ಸಾಕು, ಖಾತೆಯ ನಂಬರು ನನ್ನ ಬಾಯಲ್ಲಿ:
ವೆಲ್ಡರ್ ಶೋಫಿಕುಲನ ಕೊಮಿಲ್ಲಾ ಶಾಖೆ,
ಶಿರೂರಿನ ಅಡುಗೆಯವನ ತಂಗಿಯ ಪಾಸ್‌ಬುಕ್ಕು.
ಚೀಟಿ ಯಾಕೆ, ಅಕ್ಕ ಇದ್ದಾಳಲ್ಲ, ಎನ್ನುತ್ತಿದ್ದರು.

ಆರು ಸುತ್ತು ಔಷಧಿ ಇಳಿಯಿತು ಬಲಗೈಗೆ.
ಗಡ್ಡೆ ಹೋಯಿತು.
ಕೂದಲು ಮರಳಿತು, ಮೊದಲಿಗಿಂತ ಗುಂಗುರಾಗಿ.
ಮುಗಿಯಿತಲ್ಲ ವನಜಾ, ಅಂದರು ಎಲ್ಲರೂ.
ಹೂಂ, ಅಂದೆ,
ಫ್ರಿಜ್ಜಿನ ಬಾಗಿಲು ತೆರೆದುಕೊಂಡು,
ಯಾಕೆ ತೆರೆದೆನೆಂದು ತಿಳಿಯದೆ.

ಒಂದು ದಿನ ಗಂಡನಿಗೆ ಹೇಳಬೇಕಿತ್ತು,
ಕಪಾಟಿನ ಮೇಲಿಂದ ಅದನ್ನು ಇಳಿಸಿಕೊಡಿ ಎಂದು.
ಅದು ಮಾರಾಯ್ರೇ, ಕಾಯಿಯದ್ದು,
ಕೂತುಕೊಳ್ಳುತ್ತೇವಲ್ಲ, ಹಲ್ಲಿರುತ್ತದಲ್ಲ ಮುಂದೆ...
ಗಾಳಿಯಲ್ಲಿ ಎರಡೂ ಕೈ ತಿರುಗಿಸಿ ತೋರಿಸಿದೆ.
ಸಂಜೀವ ನಕ್ಕರು.
ಆಮೇಲೆ ನಗಲಿಲ್ಲ.

ಡಾಕ್ಟರ್ ಹೆಸ್ಸಾ ಗುಳಿಗೆ ಬರೆಯುವವರಲ್ಲ.
ಸಣ್ಣ ಬಟ್ಟಲಲ್ಲಿ ಏಲಕ್ಕಿ ಕಾಫಿ ಬಗ್ಗಿಸಿ
ಒಂದು ನೋಟ್‌ಬುಕ್ ಮುಂದಿಟ್ಟರು.
ಮರೆತಾಗಲೆಲ್ಲ ಬರೆ: ಎಷ್ಟು ಗಂಟೆ, ದಣಿವಿತ್ತೇ,
ಅದಕ್ಕೆ ಮೊದಲು ಏನಾಗಿತ್ತು.
ಬರೆದೆ. ಮಂಗಳವಾರ, ಸಾರಿಗೆ ಎರಡು ಸಲ ಉಪ್ಪು.
ಮೊದಲು: ಮ್ಯಾನೇಜರನ ಫೋನು.
ಗುರುವಾರ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ,
ಮೂರು ಮಹಡಿ ಮರಳಿ ಹತ್ತಿದೆ. ಹಾಕಿತ್ತು.
ಮೊದಲು: ಸ್ಕ್ಯಾನಿನ ತಾರೀಕು ತಿಳಿಸುವ ಮೆಸೇಜು.

ಅವರು ಪುಟ ತಿರುವಿ ಹೇಳಿದರು,
ನೀನು ಮರೆತದ್ದಲ್ಲ ಇದನ್ನು. ಒಳಗೆ ಬಂದೇ ಇರಲಿಲ್ಲ.
ಬೀಗದ ಮೇಲೆ ನಿನ್ನ ಕೈ ಇತ್ತು,
ನೀನು ಇರಲಿಲ್ಲ.
ಇನ್ನು ಮಾಡುವ ಕೆಲಸವನ್ನು ಬಾಯಿಬಿಟ್ಟು ಹೇಳು,
ಬೀಗ ಹಾಕುತ್ತಿದ್ದೇನೆ, ಒಲೆ ಆರಿಸುತ್ತಿದ್ದೇನೆ.

ಯಾವ ಭಾಷೆಯಲ್ಲಿ, ಕೇಳಿದೆ.
ನೀನು ಎಣಿಸುವ ಭಾಷೆಯಲ್ಲಿ.

ಹಿಂದಿಯಲ್ಲಿ ರೇಟು ಹೇಳಿ, ಅರಬ್ಬಿಯಲ್ಲಿ ಸಲಾಮು ಹೇಳಿ,
ಮಲಯಾಳದಲ್ಲಿ ಜಗಳವಾಡಿದ ಹತ್ತೊಂಬತ್ತು ವರ್ಷ
ಬೆರಳು ಮಾತ್ರ ನೋಟನ್ನು
ಗಂಗೊಳ್ಳಿ ಶಾಲೆಯ ಕನ್ನಡದಲ್ಲೇ ಎಣಿಸುತ್ತಿತ್ತು.
ನನಗೇ ಗೊತ್ತಿರಲಿಲ್ಲ.
ಹೇಳು ನೋಡೋಣ, ಅಂದರು. ಮಗ್ಗಿ ಹೇಳಿದೆ,
ಹದಿಮೂರೊಂದ್ಲೆ ಹದಿಮೂರು
ಹದಿಮೂರೆರಡ್ಲೆ ಇಪ್ಪತ್ತಾರು
ಅಬಾಯದ ತೋಳಿನೊಳಗೆ ಅವರ ಬೆರಳು ತಾಳ ಹಾಕುತ್ತಿತ್ತು.
ಹದಿಮೂರೇಳ್ಲೆ...
ಒಂದಕ್ಷರ ಕನ್ನಡ ಬಾರದ ಅವರಿಗೂ
ನಾನು ಎಲ್ಲಿ ಬಿದ್ದೆನೆಂದು ತಿಳಿಯಿತು.
ಅವಸರವಿಲ್ಲ. ಒಂದರಿಂದ ಮತ್ತೆ ಬಾ.

ಈಗ ಅರ್ಧ ದಿನದ ಕೆಲಸ, ಐದನೇ ಕಿಟಕಿ.
ಮೂರರಲ್ಲಿ ಒಬ್ಬ ಹುಡುಗ, ಚೂಯಿಂಗ್ ಗಮ್ ಜಗಿಯುತ್ತ
ನನ್ನ ಕುರ್ಚಿಯ ಎತ್ತರ ಬದಲಿಸಿದ್ದಾನೆ.
ಶೋಫಿಕುಲ ಅವನ ಸಾಲು ಬಿಟ್ಟು ನನ್ನಲ್ಲಿಗೆ ಬಂದ.
ನಂಬರು ಹೇಳು ತಮ್ಮಾ, ನಾಲ್ಕು ನಾಲ್ಕಾಗಿ.
ಅಕ್ಕಾ, ಅದು ನಿನಗೆ ಗೊತ್ತಲ್ಲ?
ಗೊತ್ತಿತ್ತು.
ಅವನು ತಲೆ ಕೆರೆದುಕೊಂಡ. ಇಷ್ಟು ವರ್ಷ
ನನ್ನನ್ನು ನಂಬಿ ಅವನೂ ಅದನ್ನು ಕಲಿತಿರಲಿಲ್ಲ.
ಪರ್ಸಿನ ತಳದಿಂದ ಬೆವರು ಕುಡಿದ ಚೀಟಿ ತೆಗೆದ,
ಗಾಜಿನ ಆಚೆ ಅವನು, ಈಚೆ ನಾನು,
ಅದರ ಮೇಲೆ ಬಗ್ಗಿ ಒಟ್ಟಿಗೆ ಓದಿದೆವು,
ಹಿಂದಿನ ಸಾಲು ಗೊಣಗುವವರೆಗೆ.

ನಿನ್ನೆ ಬಸ್ಸು ಮುಹರ್ರಕ್ಕಿನ ಸೇತುವೆ ಏರುವಾಗ
ಯಾರೂ ಕರೆಯದೆ ಬಂತು:
ಹೆರೆಮಣೆ.
ಗಟ್ಟಿಯಾಗಿಯೇ ಅಂದುಬಿಟ್ಟೆ, ಹೆರೆಮಣೆ, ಹೆರೆಮಣೆ,
ಮುಂದಿನ ಸೀಟಿನ ಫಿಲಿಪಿನೋ ನರ್ಸ್ ತಿರುಗಿ ನೋಡಿದಳು.
ನೋಟ್‌ಬುಕ್ ತೆಗೆದು ತುಂಬಿದೆ,
ಗಂಟೆ: ನಾಲ್ಕು ನಲವತ್ತು. ದಣಿವು: ಇದೆ.
ಮೊದಲು ಏನಾಗಿತ್ತು: ಏನೂ ಇಲ್ಲ, ಸಮುದ್ರ.

ಅಷ್ಟರಲ್ಲಿ ನಾನಿಳಿಯುವ ಸ್ಟಾಪು
ದಾಟಿಹೋಗಿತ್ತು.
ಅದನ್ನೂ ಬರೆದೆ.